ಈ ತೋಟೆ ಸಿಡಿದೀತೆ?

ಮುಧೋಳ ತಾಲ್ಲೂಕಿನ ಹಲಗಲಿ ಎಂಬ ಗ್ರಾಮದ ಹೆಸರನ್ನು ಕೇಳದ ಕನ್ನಡ ವಿದ್ಯಾರ್ಥಿಗಳು ವಿರಳ. ೧೮೫೭ರಲ್ಲಿ ಕಂಪನಿ ಸರಕಾರವು ಆಯುಧಗಳನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕೆಂದು ಕಾಯಿದೆ ಮಾಡಿದಾಗ, ಘೋರ್ಪಡೆ ಅರಸರ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಆ ಊರಿನ ಬೇಡರು ಅದಕ್ಕೆ ಒಪ್ಪಲಿಲ್ಲ. ಬೇಟೆಯೇ ಅವರ ಬಾಳು. ಆಯುಧವು ತಂದೆಯಿಂದ ಮಗನಿಗೆ ಬರುವ ಆಸ್ತಿ. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ಸೈನ್ಯವು ಊರನ್ನು ಮುತ್ತಿತು. ಅನೇಕರು ಮಡಿದರು, ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಲಾವಣಿಕಾರರು ಇಂದಿಗೂ ಮರೆತಿಲ್ಲ.

ಇತಿಹಾಸಕಾರನು ಈ ಕಥೆಯಲ್ಲಿ ಸ್ವಾಭಿಮಾನವನ್ನೂ ರಾಜ್ಯತಂತ್ರವನ್ನೂ ಕಾಣುತ್ತಾನೆ. ವಿಜ್ಞಾನದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಪ್ರಶ್ನೆಯೂ ತೋರಬೇಕು. ಪ್ರಾಣವನ್ನು ಒಂದು ಆಯುಧದ ಮೇಲೆ ಒತ್ತೆಯಿಟ್ಟು ನಿಂತವನಿಗೆ, ಅದು ಬೇಕಾದ ಗಳಿಗೆಯಲ್ಲಿ ಕೆಲಸ ಮಾಡುವುದೆಂಬ ಭರವಸೆ ಎಲ್ಲಿಂದ ಬರುತ್ತದೆ? ಹಾರಿದ ಗುಂಡು ಮರಳಿ ಬಾರದು. ಹಾರದ ಗುಂಡು ಹಾರೀತೆ ಎಂಬುದನ್ನು ಹಾರಿಸದೆ ತಿಳಿಯುವುದು ಹೇಗೆ? ನೋಡಲು ಚಿಕ್ಕದಾದ ಈ ಪ್ರಶ್ನೆಯಿಂದಲೇ ಗಣಿತದ ಒಂದು ಹೊಸ ಶಾಖೆ ಹುಟ್ಟಿತೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ಮಳೆಯಲ್ಲಿ ಮೂಕವಾದ ಬಂದೂಕುಗಳು

ಹಳೆಯ ಕಾಲದ ಬಂದೂಕಿನಲ್ಲಿ ಗುಂಡು ಹಾರಬೇಕಾದರೆ ಹಲವು ಕಾರ್ಯಗಳು ಸರಪಳಿಯಂತೆ ಒಂದರ ಹಿಂದೊಂದು ನಡೆಯಬೇಕಾಗಿದ್ದಿತು. ನಳಿಗೆಯ ಬಾಯಿಂದ ಮದ್ದನ್ನೂ ಗುಂಡನ್ನೂ ತುಂಬಿ ಗಜದಿಂದ ಜಡಿಯಬೇಕು. ಪಕ್ಕದ ಚಿಕ್ಕ ಬಟ್ಟಲಿನಲ್ಲಿ ರಂಜಕದ ಪುಡಿಯನ್ನಿಡಬೇಕು. ಹೊಗೆಯಾಡುವ ಬತ್ತಿಯಾಗಲಿ ಚಕಮಕಿ ಕಲ್ಲಿನ ಕಿಡಿಯಾಗಲಿ ಅದಕ್ಕೆ ತಾಗಬೇಕು. ಆ ಉರಿಯು ಸಣ್ಣ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟಬೇಕು. ಈ ಕೊಂಡಿಗಳಲ್ಲಿ ಯಾವುದೊಂದು ತಪ್ಪಿದರೂ ಬಂದೂಕು ಕೇವಲ ಒಂದು ದೊಣ್ಣೆ. ಗಾಳಿ ಬೀಸಿದರೆ ರಂಜಕ ಹಾರಿಹೋಗುವುದು. ಮಳೆ ಬಂದರೆ ತೊಯ್ದು ಕೆಸರಾಗುವುದು.

೧೮೪೧ರ ಮೇ ತಿಂಗಳಲ್ಲಿ ಚೀನದ ಕ್ಯಾಂಟನ್ ನಗರದ ಹೊರಗೆ ನಮ್ಮ ದಕ್ಷಿಣದ ಸಿಪಾಯಿಗಳೇ ಈ ಪಾಠವನ್ನು ಕಲಿಯಬೇಕಾಯಿತು. ಮದರಾಸಿನ ೩೭ನೆಯ ದೇಶೀಯ ಪದಾತಿದಳದ ಒಂದು ತುಕಡಿಯು ಭಾರಿ ಮಳೆಯಲ್ಲಿ ದಾರಿ ತಪ್ಪಿ ಜನರ ಗುಂಪಿನ ನಡುವೆ ಸಿಕ್ಕಿಕೊಂಡಿತು. ಅವರ ಚಕಮಕಿ ಬಂದೂಕುಗಳು ತೊಯ್ದು ಸಿಡಿಯದಾದವು. ಅವರು ಚೌಕಾಕಾರವಾಗಿ ನಿಂತು, ಬಂದೂಕಿನ ತುದಿಯ ಚೂರಿಗಳನ್ನೇ ನೆಚ್ಚಿ ಹೋರಾಡಿದರು. ಕೊನೆಗೆ ಅವರನ್ನು ಪಾರುಮಾಡಿದವರು ಹೊಸ ಬಗೆಯ ‘ಕೇಪಿನ’ ಬಂದೂಕುಗಳನ್ನು ಹೊಂದಿದ್ದ ನೌಕಾಪಡೆಯ ಸೈನಿಕರು. ಒಂದೇ ಮಳೆ, ಒಂದೇ ಬಯಲು. ಒಬ್ಬರ ಬಂದೂಕು ಮೂಕ, ಇನ್ನೊಬ್ಬರದು ಮಾತನಾಡಿತು.

ಈ ಕೇಪಿನ ಹಿಂದೆ ಇದ್ದವನು ಅಲೆಕ್ಸಾಂಡರ್ ಫೋರ್ಸೈತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಆತ ಹಕ್ಕಿಗಳ ಬೇಟೆಯ ಹವ್ಯಾಸಿ. ರಂಜಕವು ಭುಗ್ಗೆಂದು ಉರಿದುದನ್ನು ಕಂಡ ಹಕ್ಕಿಯು ಗುಂಡು ತಲುಪುವ ಮೊದಲೇ ತಪ್ಪಿಸಿಕೊಳ್ಳುತ್ತಿದ್ದುದು ಆತನಿಗೆ ಬೇಸರ ತಂದಿತು. ಕಿಡಿಯಿಂದಲ್ಲದೆ ಪೆಟ್ಟಿನಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ ಆತ ೧೮೦೭ರಲ್ಲಿ ಪೇಟೆಂಟ್ ಪಡೆದನು. ಮುಂದೆ ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೊಪ್ಪಿಗೆಯೊಳಗಿಟ್ಟುದೇ ಕೇಪು.

ಆದರೆ ಸೈನ್ಯವು ಪಾದ್ರಿಯ ಮಾತನ್ನು ನಂಬಿ ಲಕ್ಷಾಂತರ ಬಂದೂಕುಗಳನ್ನು ಬದಲಿಸೀತೆ? ೧೮೩೪ರಲ್ಲಿ ಇಂಗ್ಲೆಂಡಿನ ವುಲಿಚ್‌ನಲ್ಲಿ ಪರೀಕ್ಷೆಯೊಂದು ನಡೆಯಿತು. ಚಕಮಕಿ ಬಂದೂಕುಗಳಿಂದ ೬,೦೦೦ ಸುತ್ತು, ಕೇಪಿನ ಬಂದೂಕುಗಳಿಂದ ೬,೦೦೦ ಸುತ್ತು ಹಾರಿಸಲಾಯಿತು. ಮೊದಲನೆಯವು ೯೨೨ ಸಲ ಹುಸಿಹೋದವು; ಎರಡನೆಯವು ಕೇವಲ ೩೬ ಸಲ. ಅಂದರೆ ಹದಿಮೂರಕ್ಕೆ ಎರಡು ಸಲ ಕೈಕೊಡುತ್ತಿದ್ದ ಆಯುಧದ ಸ್ಥಾನದಲ್ಲಿ ೧೬೬ ಸಲಕ್ಕೆ ಒಮ್ಮೆ ಕೈಕೊಡುವ ಆಯುಧವು ಬಂದಿತು. ವಾದವಿವಾದಗಳು ಅಂಕಿಗಳ ಮುಂದೆ ಅಡಗಿದವು. ಭರವಸೆಯನ್ನು ಬಾಯಿಮಾತಿನಿಂದಲ್ಲ, ಎಣಿಕೆಯಿಂದ ಅಳೆಯಬೇಕೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ತೋಟೆಯ ಒಳಗೆ

ಇಂದಿನ ಪಿಸ್ತೂಲು ಅಥವಾ ರಿವಾಲ್ವರಿನ ತೋಟೆಯಲ್ಲಿ ಹಳೆಯ ಸರಪಳಿಯ ಕೊಂಡಿಗಳೆಲ್ಲವೂ ಒಂದೇ ಹಿತ್ತಾಳೆಯ ಗೂಡಿನೊಳಗೆ ಸೇರಿವೆ. ತುದಿಯಲ್ಲಿ ಗುಂಡು, ಒಳಗೆ ಹೊಗೆಯಿಲ್ಲದ ಮದ್ದು, ತಳದಲ್ಲಿ ಕೇಪು. ಕುದುರೆಯನ್ನೆಳೆದಾಗ ಒಂದು ಮೊಳೆಯು ಕೇಪಿಗೆ ಬಡಿಯುತ್ತದೆ. ಕೇಪು ಸಿಡಿದು ಮದ್ದಿಗೆ ಉರಿ ಹತ್ತುತ್ತದೆ. ಅನಿಲವು ಹಿಗ್ಗಿ ಗುಂಡನ್ನು ದೂಡುತ್ತದೆ.

ಇದು ಎಷ್ಟೇ ಅಚ್ಚುಕಟ್ಟಾಗಿದ್ದರೂ ದೋಷಗಳು ಇಲ್ಲದಿಲ್ಲ. ಕೇಪಿಗೆ ಎಣ್ಣೆಯಾಗಲಿ ತೇವವಾಗಲಿ ಇಳಿದರೆ ಅದು ಸಿಡಿಯದಿರಬಹುದು. ಕೆಲವು ಸಲ ಮೊಳೆ ಬಡಿದ ತುಸು ಹೊತ್ತಿನ ಮೇಲೆ ಸಿಡಿಯುವುದೂ ಉಂಟು; ಆದುದರಿಂದ ಸಿಡಿಯದ ತೋಟೆಯನ್ನು ಕೂಡಲೇ ತೆಗೆಯಲು ಹೋಗದೆ, ನಳಿಗೆಯನ್ನು ನಿರಪಾಯವಾದ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕೆಂಬುದು ಗುಂಡು ಹಾರಿಸುವ ಮೈದಾನಗಳ ಕಟ್ಟುನಿಟ್ಟಾದ ನಿಯಮ. ಮದ್ದು ಕಡಿಮೆಯಾದ ತೋಟೆ ಇನ್ನೂ ಅಪಾಯಕರ. ಅದರ ಗುಂಡು ನಳಿಗೆಯ ನಡುವೆಯೇ ಸಿಕ್ಕಿಕೊಳ್ಳುವುದು. ಅದನ್ನರಿಯದೆ ಮತ್ತೊಂದನ್ನು ಹಾರಿಸಿದರೆ ನಳಿಗೆಯೇ ಒಡೆದು ಹಾರಿಸಿದವನಿಗೆ ಗಾಯವಾಗಬಹುದು.

ತೋಟೆ ನಿರ್ದುಷ್ಟವಾಗಿದ್ದರೂ ಬಂದೂಕಿಗೂ ಅದಕ್ಕೂ ಹೊಂದಿಕೆಯಾಗದಿರಬಹುದು. ತಾನೇ ತುಂಬಿಕೊಳ್ಳುವ ಪಿಸ್ತೂಲಿನಲ್ಲಿ ಪ್ರತಿ ಹೊಡೆತದ ಬಲದಿಂದಲೇ ಹಳೆಯ ಗೂಡು ಹೊರಬಿದ್ದು ಹೊಸ ತೋಟೆ ಮೇಲೇರಬೇಕು. ಆತ್ಮರಕ್ಷಣೆಗೆಂದು ಮಾರುವ ಗುಂಡುಗಳಲ್ಲಿ ಹಲವಕ್ಕೆ ತುದಿಯಲ್ಲಿ ಕುಳಿಯಿರುತ್ತದೆ. ದುಂಡು ಮೂತಿಯ ಗುಂಡು ಸರಾಗವಾಗಿ ಜಾರಿಹೋಗುವ ದಾರಿಯಲ್ಲಿ ಕುಳಿಮೂತಿಯದು ಅಂಚಿಗೆ ತಾಕಿ ನಿಂತುಬಿಡಬಹುದು. ಆದಕಾರಣ ಅಭ್ಯಾಸದ ಅಗ್ಗದ ತೋಟೆಗಳಿಂದ ಸಾವಿರ ಸುತ್ತು ಹಾರಿಸಿದವನಿಗೂ ಕಿಸೆಯಲ್ಲಿಟ್ಟುಕೊಳ್ಳುವ ಬೇರೆ ಬಗೆಯ ತೋಟೆಯ ವಿಷಯದಲ್ಲಿ ಏನೂ ತಿಳಿದಂತಾಗಲಿಲ್ಲ. ಯಾವ ತೋಟೆಯನ್ನು ಒಯ್ಯುವೆನೋ ಅದೇ ಬಗೆಯದನ್ನು, ಯಾವ ಬಂದೂಕಿನಲ್ಲಿ ಒಯ್ಯುವೆನೋ ಅದರಲ್ಲಿಯೇ ಪರೀಕ್ಷಿಸಬೇಕು. ಇದು ವಿಜ್ಞಾನದ ಸಾಮಾನ್ಯ ನಿಯಮವೇ ಆಗಿದೆ: ಪ್ರಯೋಗದ ಪರಿಸ್ಥಿತಿಯು ಬಳಕೆಯ ಪರಿಸ್ಥಿತಿಯನ್ನು ಹೋಲಬೇಕು.

ಪರೀಕ್ಷಿಸಿದುದು ಉಳಿಯದು

ಈಗ ಮುಖ್ಯ ತೊಡಕಿಗೆ ಬರೋಣ. ಗಡಿಯಾರವನ್ನು ಪರೀಕ್ಷಿಸಿ ಆಮೇಲೆ ಕೈಗೆ ಕಟ್ಟಿಕೊಳ್ಳಬಹುದು. ಬೆಂಕಿಕಡ್ಡಿಯನ್ನು ಗೀರಿ ಪರೀಕ್ಷಿಸಿದರೆ ಉಳಿಯುವುದು ಬೂದಿ. ತೋಟೆಯೂ ಹಾಗೆಯೇ. ಪರೀಕ್ಷೆಯಲ್ಲಿ ಗೆದ್ದ ತೋಟೆ ಇನ್ನು ಇಲ್ಲ; ಕೈಯಲ್ಲಿರುವ ತೋಟೆ ಪರೀಕ್ಷೆಗೊಳಗಾಗಿಲ್ಲ.

ಈ ತೊಡಕು ಮುಧೋಳದ ಒಕ್ಕಲಿಗನಿಗೆ ಹೊಸದಲ್ಲ. ಬಿತ್ತುವ ಮೊದಲು ಆತ ಚೀಲದಿಂದ ನೂರು ಜೋಳದ ಕಾಳುಗಳನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ಎಣಿಸುತ್ತಾನೆ. ಆ ನೂರು ಕಾಳುಗಳಿಗಾಗಿ ಆತ ಈ ಕೆಲಸ ಮಾಡಲಿಲ್ಲ. ಚೀಲದಲ್ಲಿ ಉಳಿದವುಗಳ ಸ್ವಭಾವವನ್ನು ಅವುಗಳಿಂದ ಊಹಿಸಿದನು. ಜಾಣನಾದವನು ಚೀಲದ ಮೇಲ್ಭಾಗದಿಂದ ಮಾತ್ರವಲ್ಲದೆ ನಡುವಿನಿಂದಲೂ ತಳದಿಂದಲೂ ಕಾಳು ತೆಗೆಯುತ್ತಾನೆ. ಸಂಖ್ಯಾಶಾಸ್ತ್ರಜ್ಞರು ಇದನ್ನೇ ಮಾದರಿ ಪರೀಕ್ಷೆ ಎನ್ನುತ್ತಾರೆ. ಕಾರ್ಖಾನೆಯು ತೋಟೆಗಳ ಪೆಟ್ಟಿಗೆಯ ಮೇಲೆ ತಯಾರಿಕೆಯ ತಂಡದ ಸಂಖ್ಯೆಯನ್ನು ಅಚ್ಚೊತ್ತುವುದೂ ಇದಕ್ಕಾಗಿಯೇ: ಒಂದೇ ತಂಡದ್ದು ಒಂದೇ ಚೀಲದ ಕಾಳು ಇದ್ದಂತೆ.

ಆದರೆ ಎಷ್ಟನ್ನು ಪರೀಕ್ಷಿಸಿದರೆ ಸಾಕು? ನೂರಕ್ಕೆ ಒಂದು ಹುಸಿಯಾಗಿರುವ ತೋಟೆಗಳ ದೊಡ್ಡ ರಾಶಿಯೊಂದನ್ನು ಊಹಿಸಿಕೊಳ್ಳಿರಿ. ಒಂದು ತೋಟೆ ಸಿಡಿಯುವ ಸಂಭವನೀಯತೆ ೦.೯೯. ಹತ್ತನ್ನು ಹಾರಿಸಿದರೆ ಹತ್ತೂ ಸಿಡಿಯುವ ಸಂಭವನೀಯತೆ, ೦.೯೯ನ್ನು ಹತ್ತು ಸಲ ಗುಣಿಸಿದಾಗ ಬರುವ ೦.೯೦. ಅಂದರೆ ಹೀಗೆ ಪರೀಕ್ಷಿಸಿದ ನೂರು ಜನರಲ್ಲಿ ತೊಂಬತ್ತು ಜನರು “ಒಂದೂ ದೋಷವಿಲ್ಲ” ಎಂದು ನೆಮ್ಮದಿಯಿಂದ ಮನೆಗೆ ಹೋಗುವರು. ಐವತ್ತನ್ನು ಹಾರಿಸಿದರೂ ನೂರರಲ್ಲಿ ಅರವತ್ತು ಜನರಿಗೆ ದೋಷ ಕಾಣದು. ಇನ್ನೂರಕ್ಕೆ ಹದಿಮೂರು ಜನರಿಗೆ. ಮುನ್ನೂರು ಹಾರಿಸಿದಾಗ ಮಾತ್ರ ಕಾಣದವರ ಸಂಖ್ಯೆ ಐದಕ್ಕೆ ಇಳಿಯುತ್ತದೆ.

ಇದರಿಂದ ನೆನಪಿಡಲು ಸುಲಭವಾದ ಒಂದು ಸೂತ್ರವು ದೊರೆಯುತ್ತದೆ. ಪರೀಕ್ಷೆಯಲ್ಲಿ ಒಂದೂ ದೋಷ ಕಾಣದಿದ್ದರೆ, ಮೂರನ್ನು ಪರೀಕ್ಷೆಗಳ ಸಂಖ್ಯೆಯಿಂದ ಭಾಗಿಸಿರಿ. ನಿಜವಾದ ದೋಷದ ಪ್ರಮಾಣವು ಆ ಮಿತಿಯನ್ನು ಮೀರದೆಂದು ನೂರಕ್ಕೆ ೯೫ರಷ್ಟು ಭರವಸೆಯಿಂದ ಹೇಳಬಹುದು. ಐವತ್ತು ಸುತ್ತು ನಿರ್ದೋಷವಾಗಿ ಹಾರಿದರೆ ದೋಷವು ನೂರಕ್ಕೆ ಆರನ್ನು ಮೀರದೆನ್ನಬಹುದು, ಅಷ್ಟೆ. ಇನ್ನೂರಾದರೆ ಒಂದೂವರೆ, ಮುನ್ನೂರಾದರೆ ಒಂದು. ಎಷ್ಟು ಹಾರಿಸಿದರೂ ಸೊನ್ನೆ ಎಂದು ಹೇಳುವಂತಿಲ್ಲ. “ಇಲ್ಲಿಯವರೆಗೆ ಕೆಟ್ಟಿಲ್ಲ” ಎಂಬುದಕ್ಕೂ “ಕೆಡುವುದಿಲ್ಲ” ಎಂಬುದಕ್ಕೂ ಇರುವ ಅಂತರವನ್ನು ಗಣಿತವು ಹೀಗೆ ಅಳೆದು ತೋರಿಸುತ್ತದೆ.

ಯಾವಾಗ ನಿಲ್ಲಿಸಬೇಕು?

ಎರಡನೆಯ ಮಹಾಯುದ್ಧದಲ್ಲಿ ಈ ಲೆಕ್ಕವು ಸರಕಾರಗಳನ್ನೇ ಕಾಡಿತು. ಸಾವಿರಾರು ಸುತ್ತುಗಳನ್ನು ಪರೀಕ್ಷೆಗೆಂದೇ ಹಾರಿಸುವುದು ಹಣದ ಹಾಗೂ ಸಮಯದ ನಷ್ಟ. ೧೯೪೩ರಲ್ಲಿ ಅಮೆರಿಕದ ನೌಕಾಪಡೆಯ ಅಧಿಕಾರಿ ಶೈಲರ್ ಎಂಬವರು ಒಂದು ಸರಳವಾದ ಮಾತನ್ನು ಮುಂದಿಟ್ಟರು. ಅನುಭವಸ್ಥನಾದ ಅಧಿಕಾರಿಯು ಕೆಲವು ನೂರು ಸುತ್ತುಗಳು ಹಾರುವಷ್ಟರಲ್ಲಿಯೇ ಫಲಿತಾಂಶವನ್ನು ಕಂಡುಕೊಳ್ಳುತ್ತಾನೆ. ಹಾಗಿದ್ದ ಮೇಲೆ ಗೊತ್ತುಮಾಡಿದ ಸಂಖ್ಯೆ ಮುಗಿಯುವವರೆಗೆ ಹಾರಿಸುತ್ತಲೇ ಇರಬೇಕೇಕೆ?

ಈ ಮಾತು ಕೊಲಂಬಿಯ ವಿಶ್ವವಿದ್ಯಾನಿಲಯದ ಸಂಖ್ಯಾಶಾಸ್ತ್ರ ತಂಡದ ಆಲೆನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್‌ಮನ್ ಅವರ ಮೂಲಕ ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರನ್ನು ತಲುಪಿತು. ಪ್ರತಿಯೊಂದು ಸುತ್ತಿನ ನಂತರವೂ “ಒಪ್ಪಬಹುದು, ತಳ್ಳಬಹುದು, ಇನ್ನೂ ಪರೀಕ್ಷಿಸಬೇಕು” ಎಂಬ ಮೂರರಲ್ಲಿ ಒಂದನ್ನು ನಿರ್ಣಯಿಸುವ ನಿಷ್ಕೃಷ್ಟವಾದ ವಿಧಾನವನ್ನು ವಾಲ್ಡ್ ರೂಪಿಸಿದರು. ಅಷ್ಟೇ ಭರವಸೆಯನ್ನು ಅನೇಕ ವೇಳೆ ಸುಮಾರು ಅರ್ಧದಷ್ಟೇ ಪರೀಕ್ಷೆಗಳಿಂದ ಪಡೆಯಲು ಇದರಿಂದ ಸಾಧ್ಯವಾಯಿತು. ೧೯೪೭ರಲ್ಲಿ ಈ ವಿಷಯದ ಮೇಲೆ ಅವರ ಗ್ರಂಥವು ಪ್ರಕಟವಾಯಿತು. ಭಾರತಕ್ಕೆ ಉಪನ್ಯಾಸಗಳಿಗಾಗಿ ಬಂದಿದ್ದ ವಾಲ್ಡ್ ಅವರು ೧೯೫೦ರ ಡಿಸೆಂಬರಿನಲ್ಲಿ ನೀಲಗಿರಿಯಲ್ಲಿ ನಡೆದ ವಿಮಾನಾಪಘಾತದಲ್ಲಿ ಪತ್ನಿಯೊಡನೆ ತೀರಿಕೊಂಡರು. ತೋಟೆಗಳ ಪರೀಕ್ಷೆಯಿಂದ ಹುಟ್ಟಿದ ಅವರ ವಿಧಾನವನ್ನು ಇಂದು ಹೊಸ ಔಷಧಿಗಳ ಪ್ರಯೋಗದಲ್ಲಿಯೂ ಬಳಸುತ್ತಾರೆ. ಒಂದು ಚಿಕಿತ್ಸೆಯಿಂದ ಗುಣವಾಗುತ್ತಿದೆಯೆಂದು ಸ್ಪಷ್ಟವಾದರೆ, ಇನ್ನಷ್ಟು ರೋಗಿಗಳನ್ನು ಅದರಿಂದ ವಂಚಿಸದೆ ಪ್ರಯೋಗವನ್ನು ನಿಲ್ಲಿಸಬಹುದು.

ಪರವಾನಗಿಯವನ ಪಾಡು

ನಮ್ಮ ದೇಶದಲ್ಲಿ ೧೯೫೯ರ ಆಯುಧ ಕಾಯಿದೆಯ ಪ್ರಕಾರ ಬಂದೂಕನ್ನು ಹೊಂದಲು ಪರವಾನಗಿ ಬೇಕು. ಎಷ್ಟು ತೋಟೆಗಳನ್ನು ಕೊಳ್ಳಬಹುದೆಂಬುದೂ ಆ ಪರವಾನಗಿಯಲ್ಲಿಯೇ ಬರೆದಿರುತ್ತದೆ. ಮುನ್ನೂರು ತೋಟೆಗಳನ್ನು ಹಾರಿಸಿ ನೋಡೋಣವೆಂದರೆ ಸಾಮಾನ್ಯ ಪರವಾನಗಿದಾರನಿಗೆ ಅದು ಎಟುಕುವ ಮಾತಲ್ಲ. ಹೀಗಾಗಿ ಆತನ ಭರವಸೆಯ ಬಹುಭಾಗವನ್ನು ಕಾರ್ಖಾನೆಯ ಪರೀಕ್ಷೆಯೇ ಹೊರಬೇಕು. ಪುಣೆಯ ಬಳಿಯ ಖಡಕಿಯಲ್ಲಿ ೧೮೬೯ರಲ್ಲಿಯೇ ಮದ್ದುಗುಂಡಿನ ಕಾರ್ಖಾನೆ ಸ್ಥಾಪಿತವಾಯಿತು. ಇಂತಹ ಉದ್ಯಮದಲ್ಲಿ ಕೇಪುಗಳ ಮೇಲೆ ಗೊತ್ತಾದ ತೂಕದ ಉಕ್ಕಿನ ಗುಂಡನ್ನು ಬೇರೆ ಬೇರೆ ಎತ್ತರಗಳಿಂದ ಬೀಳಿಸಿ ನೋಡುತ್ತಾರೆ. ಒಂದು ಎತ್ತರದಿಂದ ಬಿದ್ದಾಗ ಎಲ್ಲವೂ ಸಿಡಿಯಬೇಕು. ಅದಕ್ಕಿಂತ ಬಹಳ ಕೆಳಗಿನ ಇನ್ನೊಂದು ಎತ್ತರದಿಂದ ಬಿದ್ದಾಗ ಒಂದೂ ಸಿಡಿಯಬಾರದು. ಬೇಕಾದಾಗ ಸಿಡಿಯುವುದು ಎಷ್ಟು ಮುಖ್ಯವೋ ಬೇಡವಾದಾಗ ಸಿಡಿಯದಿರುವುದೂ ಅಷ್ಟೇ ಮುಖ್ಯ.

ಬಳಸುವವನ ಪಾಲಿಗೆ ಉಳಿಯುವ ಕರ್ತವ್ಯಗಳು ಕೆಲವೇ. ಅನುಮತಿಯುಳ್ಳ ಮೈದಾನದಲ್ಲಿ, ಬಲ್ಲವರ ಮೇಲ್ವಿಚಾರಣೆಯಲ್ಲಿ, ತನ್ನ ತೋಟೆಗಳಲ್ಲಿ ಕೆಲವನ್ನಾದರೂ ಹಾರಿಸಿ ನೋಡಬೇಕು. ಹಳೆಯ ತೋಟೆಗಳನ್ನು ವರ್ಷಗಟ್ಟಲೆ ಕಿಸೆಯಲ್ಲಿಯೂ ಬೇಸಗೆಯ ಬಿಸಿಲಿಗೆ ಕಾಯುವ ಮೋಟಾರಿನಲ್ಲಿಯೂ ಇಡಬಾರದು. ಒಂದೇ ತೋಟೆಯನ್ನು ಮತ್ತೆ ಮತ್ತೆ ತುಂಬಿ ತೆಗೆಯುತ್ತಿದ್ದರೆ ಗುಂಡು ಗೂಡಿನೊಳಕ್ಕೆ ಕುಸಿದು, ಹಾರಿಸಿದಾಗ ಒತ್ತಡವು ಅಪಾಯಕರವಾಗಿ ಏರಬಹುದು, ಅಂತಹುದನ್ನು ತೆಗೆದಿರಿಸಬೇಕು. ಇಷ್ಟಾದರೂ, ಹತ್ತು ಸುತ್ತು ಸರಿಯಾಗಿ ಹಾರಿದುದರಿಂದ ತಿಳಿದುದೆಷ್ಟು ಎಂಬುದನ್ನು ಮರೆಯದಿರುವುದೇ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ.

ಹಲಗಲಿಯ ಬೇಡನಿಗೆ ಈ ಸೂತ್ರಗಳು ತಿಳಿದಿರಲಿಲ್ಲ. ಮದ್ದು ಒಣಗಿದೆಯೇ, ಬತ್ತಿ ಹೊತ್ತಿಕೊಂಡೀತೆ ಎಂದು ಬೆರಳುಗಳಿಂದ ನೋಡಿ, ತನ್ನ ಅನುಭವವನ್ನು ನಂಬಿ ಆತ ನಿಂತನು. ನಾವು ಬಂದೂಕನ್ನು ಎಂದೂ ಹಿಡಿಯದಿರಬಹುದು. ಆದರೆ ಬೆಂಕಿಯಾರಿಸುವ ಸಿಲಿಂಡರು, ಮೋಟಾರಿನ ಗಾಳಿಚೀಲ, ಮಗುವಿಗೆ ಕೊಡುವ ಲಸಿಕೆ—ಇವೆಲ್ಲವೂ ಬಳಸಿ ನೋಡಿ ಆಮೇಲೆ ಇಟ್ಟುಕೊಳ್ಳಲಾಗದ ವಸ್ತುಗಳೇ. ಅವುಗಳನ್ನು ನಂಬಿ ನಾವು ದಿನವೂ ಬಾಳುತ್ತಿದ್ದೇವೆ. ಆ ನಂಬಿಕೆಯ ಹಿಂದೆ ಎಲ್ಲಿಯೋ ಒಬ್ಬನು ಪ್ರಾಮಾಣಿಕವಾಗಿ ಮಾದರಿಗಳನ್ನು ತೆಗೆದು, ಪರೀಕ್ಷಿಸಿ, ಹುಸಿಹೋದವುಗಳನ್ನು ಮರೆಮಾಡದೆ ಎಣಿಸಿ ಬರೆದಿದ್ದಾನೆ. ನಾಳೆ ಆ ಎಣಿಕೆಯ ಪುಸ್ತಕವು ನಮ್ಮ ವಾಚಕರಲ್ಲಿ ಒಬ್ಬರ ಕೈಗೆ ಬರಬಹುದು.