ಅಯೋಡಿನ್ನಿನ ಜಾಡು

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಗಿಂತ ತುಸು ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಶ್ವಾಸನಾಳವನ್ನು ಅಪ್ಪಿಕೊಂಡಿರುವ ಗ್ರಂಥಿಗೆ ಥೈರಾಯ್ಡ್ ಎಂದು ಹೆಸರು. ಇದರ ತೂಕ ಸುಮಾರು 20 ಗ್ರಾಂ ಮಾತ್ರ. ಆದರೆ ದೇಹದ ಶಾಖ, ಹೃದಯದ ಬಡಿತ, ಮಕ್ಕಳ ಬೆಳವಣಿಗೆ ಇವೆಲ್ಲವೂ ಇದು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನನ್ನು ಅವಲಂಬಿಸಿವೆ. ಥೈರಾಕ್ಸಿನ್ನಿನ ತಯಾರಿಕೆಗೆ ಅಯೋಡಿನ್ ಬೇಕು. ಆದುದರಿಂದ ಆಹಾರದಲ್ಲಿರುವ ಅತ್ಯಲ್ಪ ಅಯೋಡಿನ್ನನ್ನು ಈ ಗ್ರಂಥಿ ರಕ್ತದಿಂದ ಹೆಕ್ಕಿ ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಗ್ರಂಥಿಯ ಈ ಹಸಿವೇ ಅದಕ್ಕೆ ಕ್ಯಾನ್ಸರ್ ತಗುಲಿದಾಗ ವೈದ್ಯರಿಗೆ ಒಂದು ಅಪೂರ್ವ ಅಸ್ತ್ರವನ್ನು ಒದಗಿಸಿದೆ.

ಕೊರಳಿನಲ್ಲಿ ಗಂಟು ಕಂಡ ಮಾತ್ರಕ್ಕೆ ಅದು ಕ್ಯಾನ್ಸರ್ ಆಗಬೇಕಿಲ್ಲ. ಬಹುಪಾಲು ಗಂಟುಗಳು ಅಪಾಯರಹಿತವಾದವು. ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೊರತೆಗೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ನಿರ್ಣಯಿಸುತ್ತಾರೆ. ಕ್ಯಾನ್ಸರ್ ಎಂದಾದರೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆಯ ಗಾತ್ರ ಮತ್ತು ಹರಡುವಿಕೆಗೆ ಅನುಸಾರವಾಗಿ ಗ್ರಂಥಿಯ ಅರ್ಧವನ್ನು ಇಲ್ಲವೇ ಪೂರ್ಣವನ್ನು ತೆಗೆಯುತ್ತಾರೆ. ಧ್ವನಿಯ ನರಗಳು ಗ್ರಂಥಿಯ ಬದಿಯಲ್ಲೇ ಹಾದುಹೋಗುವುದರಿಂದ ಇದು ಬಹು ನಾಜೂಕಿನ ಕೆಲಸ. ಸ್ವಿಟ್ಸರ್ಲೆಂಡಿನ ಬರ್ನ್ ನಗರದ ಥಿಯೊಡೋರ್ ಕೋಖರ್ ಗಳಗಂಡದ ರೋಗಿಗಳ ಮೇಲೆ ಈ ಶಸ್ತ್ರಕ್ರಿಯೆಯನ್ನು ಸುರಕ್ಷಿತಗೊಳಿಸಿದನು. ಆದರೆ ಗ್ರಂಥಿಯನ್ನು ಪೂರ್ತಿ ಕಳೆದುಕೊಂಡವರು ಕ್ರಮೇಣ ಮೈ ಊದಿ, ಬುದ್ಧಿ ಮಂಕಾಗಿ ಸೊರಗಿದರು. ಈ ಕಹಿಸತ್ಯವನ್ನು ಅವನು 1883ರಲ್ಲಿ ತಾನೇ ಲೋಕಕ್ಕೆ ತಿಳಿಸಿದನು. ಗೆಲುವಿನ ನಡುವೆ ಇಂತಹ ಪ್ರಾಮಾಣಿಕತೆ ಅಪರೂಪವೇ ಸರಿ. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದು ಗ್ರಂಥಿಯನ್ನು ಕಳೆದುಕೊಂಡವರು ಪ್ರತಿದಿನ ಥೈರಾಕ್ಸಿನ್ ಮಾತ್ರೆ ಸೇವಿಸಿ ಎಂದಿನಂತೆ ಬಾಳುತ್ತಾರೆ.

ಶಸ್ತ್ರಕ್ಕೆ ಎಟುಕದೆ ದೂರದ ಎಲುಬಿಗೋ ಶ್ವಾಸಕೋಶಕ್ಕೋ ಹರಡಿದ ಕೋಶಗಳ ಗತಿಯೇನು? 1943ರಲ್ಲಿ ನ್ಯೂಯಾರ್ಕಿನ ವೈದ್ಯ ಸ್ಯಾಮ್ಯುಯೆಲ್ ಸೈಡ್ಲಿನ್ ಒಬ್ಬ ರೋಗಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟನು. ಆ ರೋಗಿಯ ಗ್ರಂಥಿಯನ್ನು ಎಷ್ಟೋ ವರ್ಷಗಳ ಹಿಂದೆಯೇ ತೆಗೆಯಲಾಗಿತ್ತು. ಆದರೂ ಅವನ ದೇಹದಲ್ಲಿ ಥೈರಾಯ್ಡ್ ಹಾರ್ಮೋನು ಮಿತಿಮೀರಿತ್ತು. ದೇಹದ ಬೇರೆಡೆಗೆ ಹೋಗಿ ನೆಲೆಸಿದ ಕ್ಯಾನ್ಸರ್ ಕೋಶಗಳು ತವರಿನ ಕಸುಬನ್ನು ಬಿಟ್ಟಿರಲಿಲ್ಲ! ಅವು ಅಯೋಡಿನ್ನನ್ನು ಹೀರಿದವು. ಅದರೊಡನೆ ಸಂಹಾರಕ ವಿಕಿರಣವನ್ನೂ ಒಳಗೊಯ್ದವು. ಈ ಚಿಕಿತ್ಸೆಯಲ್ಲಿ ಬಳಸುವ ಅಯೋಡಿನ್-131 ಹೊರಸೂಸುವ ಬೀಟಾ ಕಣಗಳು ಅಂಗಾಂಶದಲ್ಲಿ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ದೂರ ಸಾಗವು. ಆದ್ದರಿಂದ ಸುತ್ತಲಿನ ಅಂಗಗಳಿಗೆ ಹಾನಿ ಕಡಿಮೆ. ಅದರ ಅರ್ಧಾಯುಷ್ಯ ಸುಮಾರು 8 ದಿನ. ಹೆಚ್ಚಿನ ಪ್ರಮಾಣ ಪಡೆದ ರೋಗಿಯನ್ನು ಕೆಲವು ದಿನ ಪ್ರತ್ಯೇಕ ಕೊಠಡಿಯಲ್ಲಿ ಇರಿಸುತ್ತಾರೆ. ಭಾರತದಲ್ಲಿ ಇಂತಹ ಚಿಕಿತ್ಸೆಗೆ ಹೆಸರಾದ ವಿಕಿರಣ ವೈದ್ಯಕೀಯ ಕೇಂದ್ರ 1963ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು.

ಎಲ್ಲ ಬಗೆಯ ಥೈರಾಯ್ಡ್ ಕ್ಯಾನ್ಸರಿಗೂ ಈ ಅಸ್ತ್ರ ತಾಗದು. ಮೆಡ್ಯುಲರಿ ಎಂಬ ಬಗೆಯ ಕೋಶಗಳಿಗೆ ಅಯೋಡಿನ್ನಿನ ಹಸಿವೇ ಇಲ್ಲ. ಅಲ್ಲಿ ಶಸ್ತ್ರಕ್ರಿಯೆಯೇ ಮುಖ್ಯ. ರೋಗ ಮುಂದುವರಿದಾಗ ಕೋಶದೊಳಗಿನ ಬೆಳವಣಿಗೆಯ ಸಂದೇಶವನ್ನು ತಡೆಯುವ ಔಷಧಿಗಳನ್ನು ಕೊಡುತ್ತಾರೆ. ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಅನಪ್ಲಾಸ್ಟಿಕ್ ಎಂಬ ಉಗ್ರ ಬಗೆಯಂತೂ ಎಲ್ಲ ಚಿಕಿತ್ಸೆಗಳಿಗೂ ಸವಾಲಾಗಿದೆ.

ಇದಕ್ಕೆ ತದ್ವಿರುದ್ಧವಾದದ್ದು ಒಂದು ಸೆಂಟಿಮೀಟರಿಗೂ ಕಿರಿದಾದ ಪ್ಯಾಪಿಲರಿ ಗಡ್ಡೆ. ಇಂತಹ ಗಡ್ಡೆಯುಳ್ಳ, ಅಪಾಯದ ಲಕ್ಷಣಗಳಿಲ್ಲದ ರೋಗಿಗಳಿಗೆ ಒಡನೆ ಶಸ್ತ್ರಕ್ರಿಯೆ ಮಾಡದೆ, ನಿಯಮಿತವಾಗಿ ಪರೀಕ್ಷಿಸುತ್ತ ಕಾಯುವ ಕ್ರಮವನ್ನು ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ 1993ರಲ್ಲಿ ಆರಂಭಿಸಿತು. ಕ್ಯಾನ್ಸರ್ ಎಂದು ತಿಳಿದೂ ಸುಮ್ಮನಿರುವುದು ರೋಗಿಗೂ ವೈದ್ಯನಿಗೂ ಸುಲಭವಲ್ಲ. ಆದರೆ ಹತ್ತು ವರ್ಷ ಕಳೆದರೂ ಬಹುಪಾಲು ಗಡ್ಡೆಗಳು ಬೆಳೆಯಲಿಲ್ಲ. ಬೆಳೆದವುಗಳನ್ನು ಆಮೇಲೆ ಶಸ್ತ್ರಕ್ರಿಯೆಯಿಂದ ತೆಗೆದಾಗಲೂ ರೋಗಿಗಳು ಗುಣ ಹೊಂದಿದರು.