ಸಂಜೆಯ ದೀಪಕ್ಕೆ ಎಲ್ಲಿಯ ಕರೆಂಟು?

ಪುಟಾಣಿಗಳೇ, ನಮ್ಮೂರು ಸಾಗರ ತಾಲ್ಲೂಕಿನ ಕಾರ್ಗಲ್. ಜೋಗ, ಲಿಂಗನಮಕ್ಕಿ ಎರಡೂ ಇಲ್ಲಿಗೆ ಹತ್ತಿರ. ಲಿಂಗನಮಕ್ಕಿಯ ನೀರು ತಲಕಳಲೆ ಜಲಾಶಯಕ್ಕೆ ಬಂದು, ದಪ್ಪ ಕೊಳವೆಗಳಲ್ಲಿ ಕೆಳಗೆ ಧುಮುಕಿ, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಅವುಗಳ ಸಾಮರ್ಥ್ಯ 1035 ಮೆಗಾವಾಟ್. ಹೊಗೆಯಿಲ್ಲ, ಬೂದಿಯಿಲ್ಲ.

ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ. ಅದನ್ನು ತಡೆಯಲು ದೇಶಗಳು ಪಣ ತೊಡುತ್ತಿವೆ. ದೊಡ್ಡ ಪಣ ತೊಟ್ಟರೆ ಕರೆಂಟು ಶುದ್ಧವಾಗುತ್ತದೆಯೇ? ಹೋಲಿಸಿ ನೋಡೋಣ.

2030ರೊಳಗೆ ವಿದ್ಯುತ್ ಸಾಮರ್ಥ್ಯದ ಶೇ. 40 ಭಾಗ ಹೊಗೆಯಿಲ್ಲದ ಮೂಲಗಳದ್ದಾಗಬೇಕು ಎಂದು ಭಾರತ 2015ರಲ್ಲಿ ಹೇಳಿತು. 2021ರಲ್ಲೇ ಅದನ್ನು ಮುಟ್ಟಿತು. 2022ರಲ್ಲಿ ಗುರಿಯನ್ನು ಶೇ. 50ಕ್ಕೆ ಏರಿಸಿತು. 2025ರಲ್ಲಿ ಅದೂ ಕೈಗೂಡಿತು! ಪಾವಗಡದ ಸೌರ ಪಾರ್ಕ್ ಒಂದೇ 2050 ಮೆಗಾವಾಟ್, ನಮ್ಮ ಶರಾವತಿಯ ಸುಮಾರು ಎರಡರಷ್ಟು.

ಆದರೂ ದೇಶದಲ್ಲಿ ತಯಾರಾಗುವ ಹತ್ತು ಯೂನಿಟ್‌ಗಳಲ್ಲಿ ಸುಮಾರು ಏಳು ಕಲ್ಲಿದ್ದಲಿನದೇ. ಇದೆಂಥ ಲೆಕ್ಕ? ಮನೆಯಲ್ಲಿ ಹತ್ತು ಕೊಡಗಳಿವೆ ಎಂದ ಮಾತ್ರಕ್ಕೆ ಹತ್ತರಲ್ಲೂ ನೀರಿದೆ ಎಂದಲ್ಲವಲ್ಲ! ಸಾಮರ್ಥ್ಯ ಎಂದರೆ ಕೊಡ. ತಯಾರಾದ ಕರೆಂಟು ನೀರು. ಸೂರ್ಯ ಮುಳುಗಿದರೆ ಸೌರಫಲಕದ ಕೊಡ ಖಾಲಿ.

ಬ್ರಿಟನ್ ಬೇರೆ ಬಗೆಯ ಪಣ ತೊಟ್ಟಿತು. ಕಲ್ಲಿದ್ದಲಿನ ಕರೆಂಟನ್ನು ನಿಲ್ಲಿಸುವ ವರ್ಷವನ್ನೇ ಗೊತ್ತುಮಾಡಿತು. 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರ ನಿಂತಿತು. ಆದರೆ ಅಲ್ಲಿ ಅನಿಲ ಇನ್ನೂ ಉರಿಯುತ್ತಿದೆ. ನಮ್ಮಲ್ಲಿಯಂತೆ ಕರೆಂಟಿನ ಬೇಡಿಕೆ ಅಲ್ಲಿ ವರ್ಷವರ್ಷವೂ ಏರುತ್ತಿಲ್ಲ. ಹೊಸದನ್ನು ಕಟ್ಟುವ ಪಣವೊಂದೇ ಸಾಲದು, ಹಳೆಯದನ್ನು ನಿಲ್ಲಿಸುವ ದಾರಿಯೂ ಬೇಕು.

ನಿಲ್ಲಿಸಬೇಕಾದರೆ ಹಗಲಿನ ಕರೆಂಟನ್ನು ಸಂಜೆಗೆ ಕೂಡಿಡಬೇಕು. ಆ ಲೆಕ್ಕ ಮತ್ತೆ ನಮ್ಮ ಕಣಿವೆಗೇ ಬಂದಿದೆ. ಹಗಲು ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2000 ಮೆಗಾವಾಟ್ ಪಡೆಯುವ ಯೋಜನೆಯಿದು. ಎತ್ತಲು ಬೇಕಾದಷ್ಟು ಕರೆಂಟು ಮರಳಿ ಸಿಗದು, ಒಂದು ಪಾಲು ಸೋರಿಹೋಗುತ್ತದೆ. ಅಲ್ಲದೆ ಇದು ಸಿಂಗಳೀಕಗಳ ಅಭಯಾರಣ್ಯ. ಮರದಿಂದ ಮರಕ್ಕೆ ಹಾರುವ ಆ ಪ್ರಾಣಿಗೆ ಕಾಡು ಕಡಿದರೆ ದಾರಿಯೇ ತುಂಡಾಗುತ್ತದೆ. ಅದಕ್ಕೇ ಇಲ್ಲಿ ವಿರೋಧವಿದೆ.

ಅಜ್ಜ-ಅಜ್ಜಿಯಂದಿರೇ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ತೋಟ ಬಿಟ್ಟು ಹೊರಟವರ ಕಷ್ಟ ನಿಮಗೆ ಗೊತ್ತು. 'ಮುಳುಗಡೆ' ಎಂಬ ಮಾತು ನಮ್ಮ ಸೀಮೆಯಲ್ಲಿ ಇನ್ನೂ ಆರಿಲ್ಲ. ಶುದ್ಧ ಕರೆಂಟಿಗೂ ಯಾರೋ ಬೆಲೆ ತೆರುತ್ತಾರೆ ಎಂಬುದನ್ನು ಮೊಮ್ಮಕ್ಕಳಿಗೆ ಹೇಳಿ.

ಮಕ್ಕಳೇ, ನಿಮಗೂ ಕೆಲಸವಿದೆ. ಇಸ್ತ್ರಿ, ರುಬ್ಬುವುದು, ಟ್ಯಾಂಕಿಗೆ ನೀರು ಏರಿಸುವುದು, ಇವೆಲ್ಲ ಬಿಸಿಲಿರುವಾಗಲೇ ಮುಗಿಯುವಂತೆ ಮನೆಯಲ್ಲಿ ನೆನಪಿಸಿ. ಸಂಜೆಯ ಬೇಡಿಕೆ ತಗ್ಗಿದಷ್ಟೂ ಕಲ್ಲಿದ್ದಲು ಉಳಿಯುತ್ತದೆ, ಕಾಡಿನ ಮೇಲಿನ ಭಾರವೂ ಇಳಿಯುತ್ತದೆ.