ಲಿನಕ್ಸ್ ದಟ್ಟಣೆ ನಿಯಂತ್ರಣ

ಲಿನಕ್ಸ್ ದಟ್ಟಣೆ ನಿಯಂತ್ರಣ ಎಂಬುದು ಗಣಕದಿಂದ ಜಾಲಕ್ಕೆ ಹೊರಡುವ ಪ್ಯಾಕೆಟ್‌ಗಳ ಸರದಿ, ವೇಗ ಮತ್ತು ಆದ್ಯತೆಯನ್ನು ನಿರ್ಧರಿಸುವ, ಲಿನಕ್ಸ್ ಕರ್ನಲ್‌ನಲ್ಲೇ ಅಡಕವಾಗಿರುವ ವ್ಯವಸ್ಥೆಯಾಗಿದೆ. ಸರ್ವರ್ ನಿರ್ವಾಹಕರು ಇದನ್ನು 'ಟಿಸಿ' ಎಂಬ ಆದೇಶದ ಮೂಲಕ ಬಳಸುತ್ತಾರೆ. 'ಟ್ರಾಫಿಕ್ ಕಂಟ್ರೋಲ್' ಎಂಬುದರ ಸಂಕ್ಷಿಪ್ತ ರೂಪವಾದ ಈ ಆದೇಶವು ಐಪಿರೂಟ್2 ತಂತ್ರಾಂಶ ಸಮೂಹದ ಭಾಗವಾಗಿದ್ದು, ಅದರ ಮೂಲ ಕರ್ತೃ ಅಲೆಕ್ಸಿ ಕುಜ್ನೆತ್ಸೋವ್. 1999ರ ಲಿನಕ್ಸ್ 2.2 ಆವೃತ್ತಿಯೊಂದಿಗೆ ಇದು ವ್ಯಾಪಕ ಬಳಕೆಗೆ ಬಂದಿತು. ಮನೆಯ ರೂಟರ್‌ನಿಂದ ಹಿಡಿದು ದತ್ತಾಂಶ ಕೇಂದ್ರಗಳ ಸರ್ವರ್‌ಗಳವರೆಗೆ ಇದೇ ವ್ಯವಸ್ಥೆ ಕೆಲಸ ಮಾಡುತ್ತದೆ.

ಹಿನ್ನೆಲೆ

ಒಂದು ಸಂಪರ್ಕವು ಸಾಗಿಸಬಲ್ಲದ್ದಕ್ಕಿಂತ ಹೆಚ್ಚು ಪ್ಯಾಕೆಟ್‌ಗಳು ಅದರತ್ತ ಬಂದಾಗ ಇರುವ ದಾರಿಗಳು ಎರಡೇ: ಅವುಗಳನ್ನು ಕಾಯಿಸುವುದು ಅಥವಾ ಕೈಬಿಡುವುದು. ಕಾಯಿಸಲು ಬಳಸುವ ಸ್ಮೃತಿಸ್ಥಳವನ್ನು ಬಫರ್ ಎನ್ನುತ್ತಾರೆ. ಬಫರ್ ದೊಡ್ಡದಾದಷ್ಟೂ ಒಳ್ಳೆಯದು, ಪ್ಯಾಕೆಟ್ ನಷ್ಟವಾಗುವುದೇ ದೋಷ ಎಂಬ ನಂಬಿಕೆ ಬಹುಕಾಲ ಉಳಿದುಕೊಂಡಿತ್ತು. ಆದರೆ ಜಾನ್ ನೇಗಲ್ ಅವರು 1985ರಲ್ಲೇ, ಆರ್‌ಎಫ್‌ಸಿ 970ರಲ್ಲಿ, ಅನಂತ ಸ್ಮೃತಿಯುಳ್ಳ ಪ್ಯಾಕೆಟ್ ಸ್ವಿಚ್ ಕೂಡ ದಟ್ಟಣೆಯಿಂದ ಪಾರಾಗಲಾರದು ಎಂದು ತೋರಿಸಿಕೊಟ್ಟಿದ್ದರು. ಪ್ರತಿ ಪ್ಯಾಕೆಟ್‌ಗೂ ಆಯುಷ್ಯದ ಮಿತಿ ಇರುವುದರಿಂದ, ಮಿತಿಯಿಲ್ಲದೆ ಬೆಳೆಯುವ ಸರದಿಯಲ್ಲಿ ತನ್ನ ಪಾಳಿ ಬರುವ ಮುನ್ನವೇ ಅದರ ಅವಧಿ ತೀರಿಹೋಗುತ್ತದೆ. ಅದೇ ದಾಖಲೆಯಲ್ಲಿ ಅವರು ಪ್ರತಿ ಮೂಲಕ್ಕೂ ಪ್ರತ್ಯೇಕ ಸರದಿಯಿಟ್ಟು ಸರತಿಯಂತೆ ಸೇವೆ ನೀಡುವ ಉಪಾಯವನ್ನೂ ಸೂಚಿಸಿದರು.

1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ಎರಡು ಸ್ಥಳಗಳ ಅಂತರ ಕೇವಲ 400 ಗಜ. ಕಡತವನ್ನು ನಡೆದುಕೊಂಡೇ ಒಯ್ದಿದ್ದರೂ ಬೇಗ ತಲುಪುತ್ತಿತ್ತು. ಈ ಕುಸಿತವನ್ನು ಅಭ್ಯಸಿಸಿದ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ವಿಧಾನಗಳಲ್ಲಿ, ಟಿಸಿಪಿಯು ಪ್ಯಾಕೆಟ್ ನಷ್ಟವನ್ನೇ ದಟ್ಟಣೆಯ ಸೂಚನೆಯೆಂದು ತಿಳಿದು ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹೀಗಾಗಿ ಸಕಾಲದಲ್ಲಿ ಒಂದು ಪ್ಯಾಕೆಟನ್ನು ಕೈಬಿಡುವುದು ಕಳುಹಿಸುವವನಿಗೆ ಮುಟ್ಟಿಸುವ ಅಗತ್ಯ ಸುದ್ದಿಯಾಯಿತು.

ಬಫರ್‌ಬ್ಲೋಟ್

ಸ್ಮೃತಿ ಅಗ್ಗವಾದಂತೆ ತಯಾರಕರು ಮೋಡೆಮ್, ರೂಟರ್ ಮತ್ತು ನೆಟ್‌ವರ್ಕ್ ಕಾರ್ಡ್‌ಗಳಲ್ಲಿ ಬಫರ್‌ಗಳನ್ನು ಹಿಗ್ಗಿಸುತ್ತ ಹೋದರು. ಇದರಿಂದ ನಷ್ಟದ ಸೂಚನೆ ತಡವಾಗಿ ಬರತೊಡಗಿತು. ಟಿಸಿಪಿಯು ಬಫರ್ ತುಂಬುವವರೆಗೂ ವೇಗ ಹೆಚ್ಚಿಸುತ್ತಲೇ ಇರತೊಡಗಿತು. ಎಕ್ಸ್ ವಿಂಡೋ ವ್ಯವಸ್ಥೆಯ ರೂವಾರಿಗಳಲ್ಲೊಬ್ಬರಾದ ಜಿಮ್ ಗೆಟಿಸ್ ತಮ್ಮ ಮನೆಯ ಸಂಪರ್ಕದಲ್ಲಿ ಕಂಡ ವಿಪರೀತ ವಿಳಂಬದ ಬೆನ್ನು ಹತ್ತಿ, ಈ ಸ್ಥಿತಿಗೆ 'ಬಫರ್‌ಬ್ಲೋಟ್' ಎಂಬ ಹೆಸರನ್ನು ಪ್ರಚಾರಕ್ಕೆ ತಂದರು.

ಲಿನಕ್ಸ್‌ನಲ್ಲಿ ಈಥರ್ನೆಟ್ ಸಾಧನಗಳ ಸರದಿಯ ಉದ್ದ ಸಾಮಾನ್ಯವಾಗಿ 1000 ಪ್ಯಾಕೆಟ್‌ಗಳಷ್ಟಿರುತ್ತದೆ. ತಲಾ 1500 ಬೈಟ್‌ಗಳ ಸಾವಿರ ಪ್ಯಾಕೆಟ್‌ಗಳೆಂದರೆ 1.2 ಕೋಟಿ ಬಿಟ್‌ಗಳು. ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಈ ಸರದಿ 12 ಮಿಲಿಸೆಕೆಂಡುಗಳಲ್ಲಿ ಕರಗುತ್ತದೆ. 10 ಮೆಗಾಬಿಟ್ ಸಂಪರ್ಕದಲ್ಲಿ ಅದಕ್ಕೆ 1.2 ಸೆಕೆಂಡು ಬೇಕು; 1 ಮೆಗಾಬಿಟ್ ಸಂಪರ್ಕದಲ್ಲಿ 12 ಸೆಕೆಂಡು. ಒಬ್ಬರು ದೊಡ್ಡ ಕಡತವನ್ನು ರವಾನಿಸತೊಡಗಿದರೆ ಅದೇ ಸಂಪರ್ಕದಲ್ಲಿ ದೂರವಾಣಿ ಕರೆ ಮಾಡುತ್ತಿರುವವರ ಮಾತು ಇಷ್ಟು ಹೊತ್ತು ಸರದಿಯ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಬಳಕೆದಾರರು ಇಂತಹ ತೊಂದರೆಯನ್ನು 'ನೆಟ್ ನಿಧಾನ' ಎಂದು ದೂರುವುದರಿಂದ ಹೆಚ್ಚಿನ ಬ್ಯಾಂಡ್‌ವಿಡ್ತ್ ಖರೀದಿಸುವುದೇ ಪರಿಹಾರವೆಂದು ತಿಳಿಯಲಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಕೊರತೆ ಇರುವುದು ವೇಗದಲ್ಲಲ್ಲ, ಸರದಿಯ ನಿರ್ವಹಣೆಯಲ್ಲಿ.

ಸರದಿ ನಿಯಮಗಳು

ಪ್ರತಿ ಜಾಲ ಸಾಧನಕ್ಕೂ ಕರ್ನಲ್ ಒಂದು ಸರದಿ ನಿಯಮವನ್ನು ಲಗತ್ತಿಸುತ್ತದೆ. ಇದನ್ನು 'ಕ್ಯೂಡಿಸ್ಕ್' ಎನ್ನುತ್ತಾರೆ. ಬಹುಕಾಲ ಪೂರ್ವನಿಯೋಜಿತವಾಗಿದ್ದ 'ಪಿಫಿಫೋ ಫಾಸ್ಟ್' ನಿಯಮವು ಮೂರು ಪಟ್ಟಿಗಳನ್ನು ಇಟ್ಟುಕೊಂಡು, ಮೊದಲ ಪಟ್ಟಿ ಬರಿದಾಗುವವರೆಗೆ ಎರಡನೆಯದನ್ನು ಮುಟ್ಟುತ್ತಿರಲಿಲ್ಲ. ಅದು ಸರಳವಾಗಿದ್ದರೂ ವಿಳಂಬವನ್ನು ಅಳೆಯುತ್ತಿರಲಿಲ್ಲ.

2012ರಲ್ಲಿ ಕ್ಯಾಥಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ರೂಪಿಸಿದ 'ಕೋಡೆಲ್' ವಿಧಾನವು ಈ ನೋಟವನ್ನೇ ಬದಲಿಸಿತು. ಇದು ಸರದಿಯಲ್ಲಿ ಎಷ್ಟು ಪ್ಯಾಕೆಟ್‌ಗಳಿವೆ ಎಂದು ಎಣಿಸುವುದಿಲ್ಲ; ಹೊರಬೀಳುವ ಪ್ರತಿ ಪ್ಯಾಕೆಟ್ ಎಷ್ಟು ಹೊತ್ತು ಕಾದಿತ್ತು ಎಂಬುದನ್ನು ಗಮನಿಸುತ್ತದೆ. ಕ್ಷಣಿಕ ನೂಕುನುಗ್ಗಲಿಗೆ ಅವಕಾಶವಿದೆ. ಆದರೆ 100 ಮಿಲಿಸೆಕೆಂಡುಗಳ ಅವಧಿಯುದ್ದಕ್ಕೂ ಕಾಯುವ ಸಮಯ ಒಮ್ಮೆಯೂ 5 ಮಿಲಿಸೆಕೆಂಡುಗಳಿಗಿಂತ ಕೆಳಗಿಳಿಯದಿದ್ದರೆ ಅದು ಒಂದು ಪ್ಯಾಕೆಟನ್ನು ಕೈಬಿಡುತ್ತದೆ. ವಿಳಂಬ ಮುಂದುವರಿದಷ್ಟೂ ಬಿಡುವ ಅಂತರವನ್ನು ಕಿರಿದಾಗಿಸುತ್ತದೆ. ಎರಡೂ ತುದಿಗಳು ಒಪ್ಪಿದ್ದರೆ ಕೈಬಿಡುವ ಬದಲು ದಟ್ಟಣೆಯ ಗುರುತನ್ನಷ್ಟೇ ಹಾಕುವುದೂ ಸಾಧ್ಯ.

ಕೋಡೆಲ್‌ನೊಂದಿಗೆ ನ್ಯಾಯೋಚಿತ ಸರದಿಯನ್ನು ಬೆಸೆದ 'ಎಫ್‌ಕ್ಯೂ ಕೋಡೆಲ್' ಅದೇ ವರ್ಷ ಲಿನಕ್ಸ್ 3.5 ಆವೃತ್ತಿಗೆ ಸೇರಿತು. ಅದರ ಅನುಷ್ಠಾನ ಎರಿಕ್ ಡುಮಾಜೆ ಅವರದು. ಪರೀಕ್ಷೆ ಮತ್ತು ಪ್ರಸಾರದಲ್ಲಿ ಡೇವ್ ಟಾಟ್ ಅವರ ಪಾತ್ರ ದೊಡ್ಡದು. ಬರುವ ಹರಿವುಗಳನ್ನು ಅದು 1024 ಉಪಸರದಿಗಳಿಗೆ ಹಂಚುತ್ತದೆ ಮತ್ತು ಹೊಸದಾಗಿ ಬಂದ ಸಣ್ಣ ಹರಿವಿಗೆ ಮೊದಲ ಅವಕಾಶ ಕೊಡುತ್ತದೆ. ಆದ್ದರಿಂದ ದೊಡ್ಡ ಕಡತದ ಹಿಂದೆ ಡಿಎನ್‌ಎಸ್ ಪ್ರಶ್ನೆಯಾಗಲಿ ಕೀಲಿಮಣೆಯ ಒಂದು ಒತ್ತಾಗಲಿ ಸಿಕ್ಕಿಬೀಳುವುದಿಲ್ಲ. ನೇಗಲ್ ಸೂಚನೆ ಕಾರ್ಯರೂಪದಲ್ಲಿ ಮನೆಮನೆಗೆ ತಲುಪಲು ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತೆನ್ನಬಹುದು. 2014ರಲ್ಲಿ ಸಿಸ್ಟಮ್‌ಡಿ ಇದನ್ನು ಪೂರ್ವನಿಯೋಜಿತ ನಿಯಮವನ್ನಾಗಿ ಅಂಗೀಕರಿಸಿತು. ಮನೆಯ ರೂಟರ್‌ಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡ 'ಕೇಕ್' ಎಂಬ ನಿಯಮವು 2018ರಲ್ಲಿ ಲಿನಕ್ಸ್ 4.19ಕ್ಕೆ ಸೇರ್ಪಡೆಯಾಯಿತು.

ಸರದಿಯ ಸ್ಥಾನ

ಒಳ್ಳೆಯ ನಿಯಮವನ್ನು ಅಳವಡಿಸಿದರೂ ಫಲ ಕಾಣದಿರುವುದುಂಟು. ಸರದಿ ಬೆಳೆಯುವುದು ಹರಿವಿನ ಅತ್ಯಂತ ಕಿರಿದಾದ ಜಾಗದಲ್ಲಿ ಮಾತ್ರ ಎಂಬುದೇ ಇದಕ್ಕೆ ಕಾರಣ. ಲಿನಕ್ಸ್ ಗೇಟ್‌ವೇ 1 ಗಿಗಾಬಿಟ್ ವೇಗದಲ್ಲಿ ಮೋಡೆಮ್‌ಗೆ ಕಳುಹಿಸಿ, ಮೋಡೆಮ್ 100 ಮೆಗಾಬಿಟ್‌ನಲ್ಲಿ ಹೊರಗೆ ಬಿಡುತ್ತಿದ್ದರೆ, ಸರದಿ ನಿಲ್ಲುವುದು ಮೋಡೆಮ್‌ನ ಒಳಗೆ; ಅಲ್ಲಿ ಟಿಸಿಯ ಮಾತು ನಡೆಯದು. ಇದಕ್ಕಾಗಿ ನಿರ್ವಾಹಕರು ಗೇಟ್‌ವೇಯ ವೇಗವನ್ನು ಉದ್ದೇಶಪೂರ್ವಕವಾಗಿ 95 ಮೆಗಾಬಿಟ್‌ನಂತಹ ಕೊಂಚ ಕಡಿಮೆ ಮಟ್ಟಕ್ಕೆ ಕಟ್ಟಿಹಾಕುತ್ತಾರೆ. ಸ್ವಲ್ಪ ವೇಗವನ್ನು ಬಿಟ್ಟುಕೊಟ್ಟು ಸರದಿಯನ್ನು ತಮ್ಮ ಕೈವಶ ಮಾಡಿಕೊಳ್ಳುವ ವಿಧಾನವಿದು.

ವೇಗವನ್ನು ಹಂಚಲು ಮಾರ್ಟಿನ್ ದೇವೆರಾ ರಚಿಸಿದ 'ಎಚ್‌ಟಿಬಿ' ಹೆಚ್ಚು ಬಳಕೆಯಲ್ಲಿದೆ. ಉದಾಹರಣೆಗೆ, ಕಾಲೇಜೊಂದರಲ್ಲಿ 95 ಮೆಗಾಬಿಟ್‌ಗಳನ್ನು ಕಚೇರಿಗೆ 15, ಪ್ರಯೋಗಾಲಯಗಳಿಗೆ 50, ವಿದ್ಯಾರ್ಥಿನಿಲಯಕ್ಕೆ 30 ಎಂದು ಖಾತರಿಪಡಿಸಿ, ಪ್ರತಿ ವರ್ಗಕ್ಕೂ 95ರ ಮೇಲ್ಮಿತಿ ನೀಡಬಹುದು. ರಾತ್ರಿ ಪ್ರಯೋಗಾಲಯ ಮುಚ್ಚಿದಾಗ ಅದರ ಪಾಲನ್ನು ವಿದ್ಯಾರ್ಥಿನಿಲಯ ಎರವಲು ಪಡೆಯುತ್ತದೆ. ಪ್ರತಿ ವರ್ಗದ ತುದಿಗೆ ಎಫ್‌ಕ್ಯೂ ಕೋಡೆಲ್ ಇರಿಸುವುದು ರೂಢಿ. ಇಲ್ಲವಾದರೆ ವರ್ಗದ ಒಳಗಿನ ವಿಳಂಬ ಹಾಗೆಯೇ ಉಳಿಯುತ್ತದೆ.

ಒಳಬರುವ ಹರಿವಿನ ವಿಷಯ ಬೇರೆ. ಗಣಕವನ್ನು ಈಗಾಗಲೇ ತಲುಪಿದ ಪ್ಯಾಕೆಟ್‌ಗಳು ಸಂಪರ್ಕವನ್ನು ಬಳಸಿ ಮುಗಿಸಿರುತ್ತವೆ. ಅವನ್ನು 'ಐಎಫ್‌ಬಿ' ಎಂಬ ಕಾಲ್ಪನಿಕ ಸಾಧನದ ಮೂಲಕ ಹಾಯಿಸಿ ತಡೆದರೆ, ದೂರದ ಟಿಸಿಪಿಯು ನಷ್ಟವನ್ನು ಅರಿತು ತಾನಾಗಿಯೇ ನಿಧಾನಿಸುತ್ತದೆ. ಯಾವ ಸೂಚನೆಗೂ ಕಿವಿಗೊಡದ ದಾಳಿಯ ಹರಿವಿನ ಮುಂದೆ ಇದು ನಿಷ್ಪ್ರಯೋಜಕ. ಅಂಥದ್ದನ್ನು ಸೇವಾದಾತರ ಬದಿಯಲ್ಲೇ ತಡೆಯಬೇಕಾಗುತ್ತದೆ.

ನಿರ್ವಹಣೆ

ಟಿಸಿಯಿಂದ ಮಾಡಿದ ಬದಲಾವಣೆಗಳು ಗಣಕ ಮರುಪ್ರಾರಂಭವಾದಾಗ ಅಳಿಸಿಹೋಗುತ್ತವೆ. ಅವನ್ನು ಉಳಿಸಲು ಪ್ರತ್ಯೇಕ ಸ್ಕ್ರಿಪ್ಟ್ ಅಥವಾ ಸೇವೆ ಬೇಕು. ದೂರದಿಂದ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುವಾಗ ತಪ್ಪು ನಿಯಮವೊಂದು ನಿರ್ವಾಹಕರನ್ನೇ ಹೊರಗಿಡಬಲ್ಲದಾದ್ದರಿಂದ, ಕೆಲವು ನಿಮಿಷಗಳ ನಂತರ ನಿಯಮ ತಾನಾಗಿಯೇ ರದ್ದಾಗುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಕ್ಷೇಮಕರ. ವರ್ಗಕ್ಕೆ ಸೇರದ ಪ್ಯಾಕೆಟ್‌ಗಳ ಗತಿಯೂ ನಿಯಮದಿಂದ ನಿಯಮಕ್ಕೆ ಬೇರೆಯಾಗಿರುತ್ತದೆ: ಪೂರ್ವನಿಯೋಜಿತ ವರ್ಗವನ್ನು ಸೂಚಿಸದಿದ್ದರೆ ಎಚ್‌ಟಿಬಿ ಅವನ್ನು ಯಾವ ಮಿತಿಯೂ ಇಲ್ಲದೆ ಬಿಟ್ಟುಬಿಡುತ್ತದೆ, 'ಎಚ್‌ಎಫ್‌ಎಸ್‌ಸಿ' ಅವನ್ನು ಎಸೆಯುತ್ತದೆ. ಎರಡನೆಯ ಸಂದರ್ಭದಲ್ಲಿ ಎಆರ್‌ಪಿ ಪ್ಯಾಕೆಟ್‌ಗಳೂ ಕಳೆದುಹೋಗಿ ಇಡೀ ಸಂಪರ್ಕ ಮೌನವಾಗಬಹುದು.

ಫಲಿತಾಂಶವನ್ನು ಬಿಡುವಿನ ವೇಳೆಯಲ್ಲಿ ಅಳೆದರೆ ಏನೂ ತಿಳಿಯದು. ಸಂಪರ್ಕವನ್ನು ಪೂರ್ತಿ ತುಂಬಿಸಿ, ಅದೇ ಹೊತ್ತಿನಲ್ಲಿ ಪಿಂಗ್ ಸಮಯ ಎಷ್ಟು ಏರುತ್ತದೆಂದು ನೋಡಬೇಕು. ಇದಕ್ಕಾಗಿಯೇ 'ಫ್ಲೆಂಟ್' ಎಂಬ ಮುಕ್ತ ಸಾಧನವಿದೆ. ಪ್ರಯೋಗಾಲಯದಲ್ಲಿ ದೂರದ ಜಾಲವನ್ನು ಅನುಕರಿಸಲು ಟಿಸಿಯದೇ 'ನೆಟೆಮ್' ನಿಯಮದಿಂದ ಬೇಕಾದಷ್ಟು ವಿಳಂಬ ಮತ್ತು ನಷ್ಟವನ್ನು ಕೃತಕವಾಗಿ ಸೇರಿಸಬಹುದು.

ಮಿತಿಗಳು

ಎಚ್‌ಟಿಬಿಯಲ್ಲಿ ಎಲ್ಲ ಪ್ಯಾಕೆಟ್‌ಗಳೂ ಒಂದೇ ಬೀಗದ ಮೂಲಕ ಹಾಯಬೇಕಾದ್ದರಿಂದ, ಹಲವು ಸಂಸ್ಕಾರಕ ಕೋರ್‌ಗಳುಳ್ಳ ಅತಿವೇಗದ ಸರ್ವರ್‌ಗಳಲ್ಲಿ ಆ ಬೀಗವೇ ಅಡಚಣೆಯಾಗುತ್ತದೆ. ಇಂತಹ ಕಡೆ ಪ್ರತಿ ಪ್ಯಾಕೆಟ್‌ಗೂ ಹೊರಡುವ ಮುಹೂರ್ತವನ್ನು ಮೊದಲೇ ಬರೆದು, 'ಎಫ್‌ಕ್ಯೂ' ನಿಯಮವು ಆ ಹೊತ್ತಿಗೆ ಅದನ್ನು ಬಿಡುವಂತೆ ಮಾಡುವ ವಿಧಾನ ಬಳಕೆಗೆ ಬಂದಿದೆ. ಕಂಟೇನರ್‌ಗಳ ಜಾಲ ತಂತ್ರಾಂಶವಾದ ಸಿಲಿಯಮ್ ತನ್ನ ಬ್ಯಾಂಡ್‌ವಿಡ್ತ್ ನಿಯಂತ್ರಣಕ್ಕೆ ಇದನ್ನೇ ಅವಲಂಬಿಸಿದೆ.